ಮುರಕಲ್ಲಿನೊಳಗಿನ ಎರಡು ಗಡಿಯಾರಗಳು: ಗೆಲಾಕ್ಸಿಗಳ ರಾಸಾಯನಿಕ ಸಂಯೋಜನೆ ಹೇಗೆ ಬದಲಾಗುತ್ತ ಬಂತು?

ಪ್ರಶ್ನೆ: ಪಿಲಿಕುಳದ ತಾರಾಲಯಕ್ಕೆ ಹೋಗಿ ಬಂದಾಗಿನಿಂದ ಒಂದು ಸಂಶಯ ಕಾಡುತ್ತಿದೆ. ನಮ್ಮ ರಕ್ತದ ಕಬ್ಬಿಣ, ಕೊರಳಿನ ಚಿನ್ನ ಎಲ್ಲವೂ ನಕ್ಷತ್ರಗಳಿಂದ ಬಂದವು ಎಂದು ಓದಿದ್ದೇನೆ. ನಕ್ಷತ್ರಗಳು ಸಾವಿರ ಕೋಟಿ ವರ್ಷಗಳಿಗೂ ಹೆಚ್ಚು ಕಾಲದಿಂದ ಧಾತುಗಳನ್ನು ತಯಾರಿಸುತ್ತಲೇ ಇದ್ದರೆ, ಸೂರ್ಯನಲ್ಲಿ ಅವುಗಳ ಪಾಲು ಶೇಕಡಾ ಒಂದೂವರೆಯಷ್ಟೂ ಇಲ್ಲವೇಕೆ? ಎಲ್ಲ ಗೆಲಾಕ್ಸಿಗಳಲ್ಲಿಯೂ ಇದೇ ಪ್ರಮಾಣವೇ? ಅಷ್ಟು ಹಿಂದೆ ಏನಿತ್ತು ಎಂಬುದು ಈಗ ತಿಳಿಯುವುದು ಹೇಗೆ? ನಮ್ಮೂರಿನಿಂದ ಇದಕ್ಕೆ ಸಾಕ್ಷಿಯಾಗಿ ಕಾಣುವಂಥದ್ದು ಏನಾದರೂ ಇದೆಯೇ?
— ಪದವಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲಿಯೇ ಇಡೀ ವಿಷಯದ ತಿರುಳಿದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಸೂರ್ಯನ ಹೊರಪದರದ ದ್ರವ್ಯವನ್ನು ತೂಕದ ಲೆಕ್ಕದಲ್ಲಿ ನೋಡಿದರೆ ನೂರಕ್ಕೆ ಸುಮಾರು 74 ಪಾಲು ಜಲಜನಕ, ಸುಮಾರು 25 ಪಾಲು ಹೀಲಿಯಂ, ಮಿಕ್ಕ ಧಾತುಗಳೆಲ್ಲ ಸೇರಿ ಒಂದೂವರೆ ಪಾಲಿಗಿಂತ ಕಡಿಮೆ. ನಕ್ಷತ್ರಗಳ ಕೆಲಸ ನಿಧಾನವಾದದ್ದು ಎಂಬುದು ಇದಕ್ಕೆ ಒಂದು ಕಾರಣವಷ್ಟೇ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ ಗೆಲಾಕ್ಸಿ ಮುಚ್ಚಿಟ್ಟ ಪಾತ್ರೆಯಲ್ಲ: ಅದರೊಳಕ್ಕೆ ಹೊರಗಿನಿಂದ ಹೊಸ ಅನಿಲ ಬಂದು ಬೀಳುತ್ತಲೇ ಇರುತ್ತದೆ, ತಯಾರಾದ ಧಾತುಗಳಲ್ಲಿ ಒಂದು ಭಾಗ ಹೊರಕ್ಕೆ ಹಾರಿಹೋಗುತ್ತದೆ, ಇನ್ನೊಂದು ಭಾಗ ನಕ್ಷತ್ರಗಳೊಳಗೇ ಸೆರೆಯಾಗಿ ಉಳಿಯುತ್ತದೆ. ಹೀಗಾಗಿ ಭಾರವಾದ ಧಾತುಗಳ ಒಟ್ಟು ಪ್ರಮಾಣವನ್ನು ಮಾತ್ರ ನೋಡಿದರೆ ಗೆಲಾಕ್ಸಿಯೊಂದರ ಚರಿತ್ರೆ ತಿಳಿಯುವುದಿಲ್ಲ; ಒಂದು ಧಾತುವಿಗೆ ಇನ್ನೊಂದು ಯಾವ ಅನುಪಾತದಲ್ಲಿದೆ ಎಂಬುದನ್ನು ನೋಡಿದಾಗ ಮಾತ್ರ ಕಾಲದ ಲೆಕ್ಕ ಕೈಗೆ ಸಿಗುತ್ತದೆ.

ಆರಂಭದ ಬಂಡವಾಳ ಎಷ್ಟಿತ್ತು ಎಂಬುದನ್ನು ಮೊದಲು ಹೇಳಬೇಕು. ಮಹಾಸ್ಫೋಟದ ನಂತರದ ಮೊದಲ ಕೆಲವು ನಿಮಿಷಗಳಲ್ಲಿ, ವಿಶ್ವವು ಇನ್ನೂ ಪರಮಾಣು ಬೀಜಗಳು ಬೆಸೆದುಕೊಳ್ಳುವಷ್ಟು ಬಿಸಿಯಾಗಿದ್ದಾಗ, ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಜಲಜನಕವೂ ಕಾಲು ಪಾಲು ಹೀಲಿಯಮ್ಮೂ ಉಳಿದವು. ಅವುಗಳ ಜೊತೆಗೆ ಡ್ಯುಟೀರಿಯಂ ಮತ್ತು ಲಿಥಿಯಂ ಅತ್ಯಲ್ಪವಾಗಿ ಹುಟ್ಟಿದವು. ಅದರಾಚೆಗೆ ಕೆಲಸ ಮುಂದುವರಿಯಲಿಲ್ಲ, ಏಕೆಂದರೆ ಐದು ಕಣಗಳ ಬೀಜವಾಗಲಿ ಎಂಟು ಕಣಗಳ ಬೀಜವಾಗಲಿ ಸ್ಥಿರವಾಗಿ ನಿಲ್ಲುವುದಿಲ್ಲ. ಮುಂದಿನ ಮೆಟ್ಟಿಲಿಗೆ ಕಾಲಿಡಲು ಮೆಟ್ಟಿಲೇ ಇಲ್ಲದಂತಾಯಿತು, ಅಷ್ಟರಲ್ಲಿ ವಿಶ್ವವೂ ಹಿಗ್ಗಿ ತಣಿಯಿತು. ಇಂಗಾಲ, ಆಮ್ಲಜನಕ, ಕಬ್ಬಿಣ, ಚಿನ್ನ ಇವುಗಳಲ್ಲಿ ಯಾವುದೂ ಆಗ ಇರಲಿಲ್ಲ. ಹೀಲಿಯಮ್ಮಿಗಿಂತ ಭಾರವಾದ ಧಾತುಗಳನ್ನೆಲ್ಲ ಖಗೋಳವಿಜ್ಞಾನಿಗಳು ಒಟ್ಟಾಗಿ ‘ಲೋಹ’ ಎಂದು ಕರೆಯುತ್ತಾರೆ. ಆಮ್ಲಜನಕವನ್ನೂ ನಿಯಾನನ್ನೂ ಲೋಹವೆನ್ನುವುದು ರಸಾಯನವಿಜ್ಞಾನ ಓದಿದವರಿಗೆ ಸರಿಕಾಣಲಾರದು. ಆದ್ದರಿಂದ ನಾನು ಇಲ್ಲಿ ‘ಭಾರ ಧಾತು’ ಎಂದೇ ಬರೆಯುತ್ತೇನೆ.

ಈ ಭಾರ ಧಾತುಗಳು ನಕ್ಷತ್ರಗಳಲ್ಲಿ ತಯಾರಾಗುತ್ತವೆ ಎಂಬುದಕ್ಕೆ ಕಣ್ಣಿಗೆ ಕಾಣುವ ಮೊದಲ ಸಾಕ್ಷಿ ದೊರೆತದ್ದು 1952ರಲ್ಲಿ. ಪಾಲ್ ಮೆರಿಲ್ ಎಂಬ ಖಗೋಳವಿಜ್ಞಾನಿ ಕೆಲವು ಕೆಂಪು ದೈತ್ಯ ನಕ್ಷತ್ರಗಳ ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಪಟ್ಟಿಯಲ್ಲಿ, ಟೆಕ್ನೀಷಿಯಂ ಎಂಬ ಧಾತುವಿನ ಗೆರೆಗಳನ್ನು ಗುರುತಿಸಿದರು. ಟೆಕ್ನೀಷಿಯಮ್ಮಿಗೆ ಸ್ಥಿರವಾದ ರೂಪವೇ ಇಲ್ಲ. ಅತ್ಯಂತ ದೀರ್ಘಕಾಲ ಬಾಳುವ ಅದರ ಐಸೊಟೋಪ್ ಕೂಡ ಸುಮಾರು ನಲವತ್ತು ಲಕ್ಷ ವರ್ಷಗಳಲ್ಲಿ ಅರ್ಧದಷ್ಟು ನಶಿಸುತ್ತದೆ. ನೂರಾರು ಕೋಟಿ ವರ್ಷ ವಯಸ್ಸಿನ ನಕ್ಷತ್ರದಲ್ಲಿ ಅದು ಇದೆಯೆಂದರೆ ಅದು ಅಲ್ಲಿಯೇ, ಇತ್ತೀಚೆಗಷ್ಟೇ ತಯಾರಾಗಿರಬೇಕು ಎಂದೇ ಅರ್ಥ. ಐದು ವರ್ಷಗಳ ನಂತರ, 1957ರಲ್ಲಿ, ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್ ಮತ್ತು ಫ್ರೆಡ್ ಹಾಯ್ಲ್ ಸೇರಿ ಬರೆದ ದೀರ್ಘ ಪ್ರಬಂಧವು ಯಾವ ಧಾತು ಯಾವ ಬೈಜಿಕ ಕ್ರಿಯೆಯಿಂದ ಹುಟ್ಟುತ್ತದೆ ಎಂಬುದರ ಚೌಕಟ್ಟನ್ನು ಹಾಕಿಕೊಟ್ಟಿತು. ಅದೇ ವರ್ಷ ಅಲಸ್ಟೇರ್ ಕ್ಯಾಮರಾನ್ ಸ್ವತಂತ್ರವಾಗಿ ಇದೇ ದಿಕ್ಕಿನಲ್ಲಿ ಬರೆದರು. ಆ ಚೌಕಟ್ಟು ಬಹುಮಟ್ಟಿಗೆ ಇಂದಿಗೂ ನಿಂತಿದೆ.

ಇನ್ನು ಕಾಲದ ಲೆಕ್ಕಕ್ಕೆ ಬರೋಣ. ಇದನ್ನು ವಿವರಿಸಲು ನಿಮ್ಮ ಮನೆಯ ಗೋಡೆಯ ಮುರಕಲ್ಲಿಗಿಂತ ಒಳ್ಳೆಯ ವಸ್ತು ನನಗೆ ಕಾಣುವುದಿಲ್ಲ. ಕರಾವಳಿಯ ಈ ಕಲ್ಲಿಗೆ ಕೆಂಪು ಬಣ್ಣ ಬಂದಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ, ಅಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ ವಸ್ತುವಿನಿಂದ. ಒಂದೇ ಕಣದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುವ ಈ ಎರಡು ಧಾತುಗಳು ಬಂದ ದಾರಿಗಳು ಮಾತ್ರ ಬಹುಪಾಲು ಬೇರೆ ಬೇರೆ.

ಆಮ್ಲಜನಕವನ್ನು ತಯಾರಿಸುವವು ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿಯ ನಕ್ಷತ್ರಗಳು. ಇವು ಅತಿಯಾಗಿ ಉರಿದು ಬೇಗ ಮುಗಿಯುತ್ತವೆ. ಅತ್ಯಂತ ಭಾರವಾದವು ಕೆಲವೇ ದಶಲಕ್ಷ ವರ್ಷಗಳಲ್ಲಿ, ಉಳಿದವು ಮೂರು ನಾಲ್ಕು ಕೋಟಿ ವರ್ಷಗಳಲ್ಲಿ. ಒಡಲಿನಲ್ಲಿ ಹೀಲಿಯಂ ಉರಿದು ಇಂಗಾಲ, ಇಂಗಾಲಕ್ಕೆ ಮತ್ತೊಂದು ಹೀಲಿಯಂ ಸೇರಿ ಆಮ್ಲಜನಕ, ಆಮೇಲೆ ನಿಯಾನ್, ಮೆಗ್ನೀಷಿಯಂ, ಸಿಲಿಕಾನ್ ಹೀಗೆ ಪದರಪದರವಾಗಿ ಕಟ್ಟಿಕೊಂಡು, ಕೊನೆಗೆ ನಡುವಿನ ಕಬ್ಬಿಣದ ತಿರುಳು ತನ್ನದೇ ಭಾರಕ್ಕೆ ಕುಸಿದು ನಕ್ಷತ್ರ ಸಿಡಿಯುತ್ತದೆ. ನಕ್ಷತ್ರದ ಇಂಥ ಸ್ಫೋಟವೇ ಸೂಪರ್‌ನೋವಾ. ಆ ಕಬ್ಬಿಣದ ತಿರುಳಿನ ಬಹುಭಾಗ ಹೊರಗೆ ಬರುವುದೇ ಇಲ್ಲ, ಅದು ನ್ಯೂಟ್ರಾನ್ ನಕ್ಷತ್ರವಾಗಿಯೋ ಕಪ್ಪುರಂಧ್ರವಾಗಿಯೋ ಉಳಿದುಬಿಡುತ್ತದೆ. ಹೊರಕ್ಕೆ ಬರುವುದು ಮುಖ್ಯವಾಗಿ ಮೇಲಿನ ಪದರಗಳ ಆಮ್ಲಜನಕ ಮತ್ತು ಅದರ ಸಂಗಾತಿ ಧಾತುಗಳು. 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗೆಲನ್ ಮೋಡ ಎಂಬ ನಮ್ಮ ನೆರೆಯ ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾವನ್ನು ಅಳೆದಾಗ ಅದು ಹೊರಹಾಕಿದ ಕಬ್ಬಿಣ ಸೂರ್ಯನ ದ್ರವ್ಯರಾಶಿಯ ನೂರರಲ್ಲಿ ಏಳು ಪಾಲಿನಷ್ಟು ಮಾತ್ರ ಎಂದು ತಿಳಿಯಿತು.

ಕಬ್ಬಿಣದ ಹೆಚ್ಚಿನ ಪಾಲು ಬರುವುದು ಇನ್ನೊಂದು ಬಗೆಯ ಸ್ಫೋಟದಿಂದ. ಸೂರ್ಯನಂಥ ನಕ್ಷತ್ರಗಳು ತಮ್ಮ ಇಂಧನ ತೀರಿದ ಮೇಲೆ ಶ್ವೇತ ಕುಬ್ಜಗಳಾಗಿ ಉಳಿಯುತ್ತವೆ. ಅಂಥ ಕುಬ್ಜವೊಂದು ಜೋಡಿ ನಕ್ಷತ್ರದ ಸಂಗದಲ್ಲಿದ್ದು, ಸಂಗಾತಿಯಿಂದ ದ್ರವ್ಯವನ್ನು ಸೆಳೆದುಕೊಂಡು ಅಥವಾ ಅದರೊಡನೆ ಡಿಕ್ಕಿಯಾಗಿ ಒಮ್ಮೆಲೇ ಹೊತ್ತಿಕೊಂಡರೆ ಇಡೀ ನಕ್ಷತ್ರವೇ ಛಿದ್ರವಾಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಅದರ ದ್ರವ್ಯದಲ್ಲಿ ಅರ್ಧದಷ್ಟು, ಅಂದರೆ ಸೂರ್ಯನ ದ್ರವ್ಯರಾಶಿಯ ಸುಮಾರು 0.6 ಪಾಲು, ನಿಕ್ಕಲ್ ಆಗಿ ಹುಟ್ಟಿ, ಕೆಲವು ದಿನಗಳಲ್ಲಿ ಕೋಬಾಲ್ಟಾಗಿ, ಅದು ಕೆಲವು ತಿಂಗಳುಗಳಲ್ಲಿ ಕಬ್ಬಿಣವಾಗಿ ಬದಲಾಗುತ್ತದೆ. ಆದರೆ ಇದಕ್ಕೆ ಕಾಯಬೇಕು. ಮೊದಲು ನಕ್ಷತ್ರ ಸಾಯಬೇಕು, ನಂತರ ಜೋಡಿ ಹತ್ತಿರವಾಗಬೇಕು. ಕೆಲವಕ್ಕೆ ಹತ್ತಾರು ಕೋಟಿ ವರ್ಷ ಸಾಕು, ಕೆಲವಕ್ಕೆ ನೂರಾರು ಕೋಟಿ ವರ್ಷ ಬೇಕು.

ಇದರಿಂದ ಆಗುವುದೇನೆಂದರೆ, ಗೆಲಾಕ್ಸಿಯಲ್ಲಿ ಆಮ್ಲಜನಕ ಬೇಗ ಬರುತ್ತದೆ, ಕಬ್ಬಿಣ ತಡವಾಗಿ ಬರುತ್ತದೆ. ಮೊದಮೊದಲು ಹುಟ್ಟಿದ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಆಮ್ಲಜನಕವೂ ಮೆಗ್ನೀಷಿಯಮ್ಮೂ ಸೂರ್ಯನಲ್ಲಿರುವುದರ ಎರಡು, ಎರಡೂವರೆ ಪಟ್ಟು ಇರುತ್ತವೆ. ಶ್ವೇತ ಕುಬ್ಜಗಳ ಸ್ಫೋಟಗಳು ಸೇರಿಕೊಂಡ ಮೇಲೆ ಆ ಅನುಪಾತ ಇಳಿಯತೊಡಗುತ್ತದೆ. ನಕ್ಷತ್ರಗಳು ಭರದಿಂದ ಹುಟ್ಟಿದ ಗೆಲಾಕ್ಸಿಯಲ್ಲಿ ಕಬ್ಬಿಣ ಬರುವ ಹೊತ್ತಿಗೆ ಭಾರ ಧಾತುಗಳು ಸಾಕಷ್ಟು ಕೂಡಿರುತ್ತವೆ, ಆದ್ದರಿಂದ ಇಳಿತ ತಡವಾಗಿ ಕಾಣುತ್ತದೆ. ನಿಧಾನವಾಗಿ ನಡೆದ ಸಣ್ಣ ಗೆಲಾಕ್ಸಿಯಲ್ಲಿ ಭಾರ ಧಾತುಗಳು ಇನ್ನೂ ತೀರ ಕಡಿಮೆಯಿರುವಾಗಲೇ ಇಳಿತ ಶುರುವಾಗುತ್ತದೆ. ಈ ವಾದವನ್ನು 1979ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರು ಬಿಯಾಟ್ರಿಸ್ ಟಿನ್ಸ್‌ಲಿ. ನ್ಯೂಜಿಲೆಂಡಿನಲ್ಲಿ ಬೆಳೆದ ಆಕೆ 1981ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ತೀರಿಕೊಂಡರು. ಗೆಲಾಕ್ಸಿಗಳು ಕಾಲದೊಡನೆ ಬದಲಾಗುವ ವಸ್ತುಗಳೆಂದು ಇಂದು ನಾವು ಸಹಜವಾಗಿ ಮಾತಾಡುವುದರ ಹಿಂದೆ ಆಕೆಯ ದುಡಿಮೆ ಎಷ್ಟಿದೆ ಎಂಬುದನ್ನು ನೆನೆಯದೆ ಈ ವಿಷಯವನ್ನು ಬರೆಯಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಆಕಾಶಗಂಗೆಯ ತಟ್ಟೆಯಲ್ಲಿ ತೆಳುವಾದ ಪದರದ ನಕ್ಷತ್ರಗಳಿಗೂ ಅದನ್ನು ಕವಿದ ದಪ್ಪ ಪದರದ ಹಳೆಯ ನಕ್ಷತ್ರಗಳಿಗೂ ಈ ಅನುಪಾತದಲ್ಲಿ ಸ್ಪಷ್ಟ ವ್ಯತ್ಯಾಸವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಈಶ್ವರ ರೆಡ್ಡಿ ಮತ್ತು ಸಂಗಡಿಗರು 2003 ಮತ್ತು 2006ರಲ್ಲಿ ಪ್ರಕಟಿಸಿದ, ನೂರಾರು ನಕ್ಷತ್ರಗಳ ಅಳತೆಗಳು ಈ ವ್ಯತ್ಯಾಸವನ್ನು ತೋರಿಸಿದ ಮುಖ್ಯ ಕೆಲಸಗಳಲ್ಲಿ ಸೇರುತ್ತವೆ.

ನೀವು ಚಿನ್ನದ ಮಾತೆತ್ತಿದ್ದೀರಿ. ಚಿನ್ನ ಸೂಪರ್‌ನೋವಾದಲ್ಲಿ ಹುಟ್ಟುತ್ತದೆ ಎಂದು ಹಲವು ಪಠ್ಯಗಳಲ್ಲಿ ಈಗಲೂ ಇದೆ. ಅದನ್ನು ತಿದ್ದಿಕೊಳ್ಳಬೇಕಾದ ಕಾಲ ಬಂದಿದೆ. 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದ ಗುರುತ್ವದ ಅಲೆಗಳು ಭೂಮಿಗೆ ತಲುಪಿದವು, ಜೊತೆಗೆ ಅದರ ಬೆಳಕೂ ಕಂಡಿತು. ಆ ಬೆಳಕು ದಿನದಿಂದ ದಿನಕ್ಕೆ ನೀಲಿಯಿಂದ ಕೆಂಪಿಗೆ ತಿರುಗಿದ ರೀತಿ, ಹೊಸದಾಗಿ ಹುಟ್ಟಿದ ಅತಿಭಾರದ ಧಾತುಗಳ ಮೋಡದಿಂದ ನಿರೀಕ್ಷಿಸಿದ್ದಂತೆಯೇ ಇತ್ತು. ಅದರ ರೋಹಿತದಲ್ಲಿ ಸ್ಟ್ರಾನ್ಷಿಯಂ ಇರುವುದನ್ನು 2019ರಲ್ಲಿ ಗುರುತಿಸಲಾಯಿತು. ನ್ಯೂಟ್ರಾನುಗಳು ತುಂಬಿ ತುಳುಕುವ ಅಂಥ ಕಡೆ ಪರಮಾಣು ಬೀಜವೊಂದು ಕ್ಷಣಾರ್ಧದಲ್ಲಿ ಹತ್ತಾರು ನ್ಯೂಟ್ರಾನುಗಳನ್ನು ನುಂಗಿ ಚಿನ್ನ, ಪ್ಲಾಟಿನಂ, ಯುರೇನಿಯಂಗಳವರೆಗೆ ಬೆಳೆಯಬಲ್ಲದು. ಇಂಥ ಘಟನೆಗಳು ಅಪರೂಪ, ಆದರೆ ಒಂದೊಂದರ ಇಳುವರಿ ಅಪಾರ. ರೆಟಿಕ್ಯುಲಮ್ 2 ಎಂಬ ಅತಿ ಮಂದವಾದ ಕುಬ್ಜ ಗೆಲಾಕ್ಸಿಯಲ್ಲಿ ಅಳೆದ ನಕ್ಷತ್ರಗಳ ಪೈಕಿ ಹೆಚ್ಚಿನವು ಇಂಥ ಧಾತುಗಳಿಂದ ತುಂಬಿವೆ, ಅದರಂಥದ್ದೇ ಬೇರೆ ಸಣ್ಣ ಗೆಲಾಕ್ಸಿಗಳಲ್ಲಿ ಅವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದೇ ಒಂದು ಘಟನೆ ಒಂದು ಗೆಲಾಕ್ಸಿಯನ್ನೇ ಬಣ್ಣಗಟ್ಟಿಸಿದ್ದರ ಗುರುತು ಇದು. ಇಂಥ ಡಿಕ್ಕಿಗಳೊಂದೇ ಎಲ್ಲ ಚಿನ್ನಕ್ಕೂ ಸಾಕೇ, ಅಪರೂಪದ ಕೆಲವು ಸೂಪರ್‌ನೋವಾಗಳ ಪಾಲೂ ಇದೆಯೇ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ಒಮ್ಮತವಿಲ್ಲ.

ಇಂಗಾಲದ ಸುಮಾರು ಅರ್ಧ, ಸಾರಜನಕದ ಹೆಚ್ಚಿನ ಪಾಲು, ಬೇರಿಯಂ ಮತ್ತು ಸೀಸದ ಬಹುಭಾಗ ಬರುವುದು ಸಿಡಿಯದೆ ಮೆಲ್ಲಗೆ ತಮ್ಮ ಹೊರಪದರಗಳನ್ನು ಊದಿಬಿಡುವ ಮಧ್ಯಮ ಗಾತ್ರದ ಕೆಂಪು ದೈತ್ಯಗಳಿಂದ. ಮೆರಿಲ್ ಟೆಕ್ನೀಷಿಯಂ ಕಂಡದ್ದು ಇಂಥವುಗಳಲ್ಲಿಯೇ. ಬೆರಿಲಿಯಂ ಮಾತ್ರ ಯಾವ ನಕ್ಷತ್ರದಲ್ಲಿಯೂ ಬಾಳುವುದಿಲ್ಲ, ಅಲ್ಲಿನ ಬಿಸಿಗೆ ಕರಗಿಹೋಗುತ್ತದೆ. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಓಡುವ ವಿಶ್ವಕಿರಣಗಳು ಇಂಗಾಲ, ಆಮ್ಲಜನಕಗಳ ಬೀಜಗಳಿಗೆ ಬಡಿದು ಅವನ್ನು ಒಡೆದಾಗ ಅದು ಹುಟ್ಟುತ್ತದೆ. ಉಡುಪಿಯ ನಿಮಗೆ ಇದನ್ನು ಹೇಳಲು ನನಗೊಂದು ಹೆಚ್ಚಿನ ಕಾರಣವಿದೆ: ಅದಮಾರಿನಲ್ಲಿ 1932ರಲ್ಲಿ ಹುಟ್ಟಿ ಮುಂದೆ ಇಸ್ರೋದ ಅಧ್ಯಕ್ಷರಾದ ಯು. ಆರ್. ರಾವ್ ಅವರು ಉಪಗ್ರಹಗಳಿಗೆ ಬರುವ ಮೊದಲು, ವಿಕ್ರಂ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ, ಸಂಶೋಧನೆಗೆ ತೊಡಗಿದ್ದು ಇದೇ ವಿಶ್ವಕಿರಣಗಳ ವಿಷಯದಲ್ಲಿ.

ಇಷ್ಟೆಲ್ಲ ತಯಾರಿ ನಡೆದರೂ ಒಟ್ಟು ಪಾಲು ಏಕೆ ಕಡಿಮೆ ಎಂಬ ಪ್ರಶ್ನೆಗೆ ಈಗ ಮರಳುತ್ತೇನೆ. ಮಂಗಳೂರಿನಲ್ಲಿ ನೇತ್ರಾವತಿಯೂ ಗುರುಪುರ ನದಿಯೂ ಸೇರಿ ಕಡಲಿಗೆ ಬೀಳುವ ಅಳಿವೆಬಾಗಿಲಿನ ನೀರನ್ನು ಮನಸ್ಸಿಗೆ ತಂದುಕೊಳ್ಳಿ. ಪ್ರತಿಯೊಂದು ಭರತದಲ್ಲಿಯೂ ಕಡಲು ಅಲ್ಲಿಗೆ ಉಪ್ಪನ್ನು ತರುತ್ತದೆ. ಹಾಗೆಂದು ವರ್ಷದಿಂದ ವರ್ಷಕ್ಕೆ ಆ ನೀರು ಹೆಚ್ಚು ಹೆಚ್ಚು ಉಪ್ಪಾಗುತ್ತ ಹೋಗುವುದಿಲ್ಲ, ಏಕೆಂದರೆ ಘಟ್ಟದ ಮೇಲಿನ ಮಳೆ ನದಿಯಾಗಿ ಬಂದು ಅದನ್ನು ಸಪ್ಪೆ ಮಾಡುತ್ತದೆ, ಇಳಿತದ ಹೊತ್ತಿಗೆ ಬೆರೆತ ನೀರು ಹೊರಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ನದಿ ಸೊರಗಿದಾಗ ಮಾತ್ರ ಉಪ್ಪು ಮೇಲಕ್ಕೇರುತ್ತದೆ. ಗೆಲಾಕ್ಸಿಯಲ್ಲಿಯೂ ನಾವು ಅಳೆಯುವುದು ಉಪ್ಪಿನ ರಾಶಿಯನ್ನಲ್ಲ, ನೀರಿಗೆ ಉಪ್ಪಿನ ಪ್ರಮಾಣವನ್ನು. ಹೊರಗಿನಿಂದ ಬೀಳುವ ಅನಿಲ ಬಹುತೇಕ ಆದಿಕಾಲದ್ದೇ, ಜಲಜನಕ ಮತ್ತು ಹೀಲಿಯಂ ತುಂಬಿದ್ದು; ಅದು ಬಂದಷ್ಟೂ ಒಳಗಿನ ಮಿಶ್ರಣ ತೆಳುವಾಗುತ್ತದೆ.

ಇದು ಬರೀ ಉಪಮೆಯಲ್ಲ, ನಕ್ಷತ್ರಗಳನ್ನು ಎಣಿಸಿ ಕಂಡುಕೊಂಡದ್ದು. ಆಕಾಶಗಂಗೆ ಮುಚ್ಚಿದ ಪಾತ್ರೆಯಾಗಿದ್ದರೆ ಆರಂಭದಲ್ಲಿ, ಭಾರ ಧಾತುಗಳು ಕಡಿಮೆಯಿದ್ದಾಗ, ಅಪಾರ ಸಂಖ್ಯೆಯ ನಕ್ಷತ್ರಗಳು ಹುಟ್ಟಿರಬೇಕಿತ್ತು. ಅವುಗಳಲ್ಲಿ ಸಣ್ಣವು ಇಂದಿಗೂ ಬದುಕಿರಬೇಕು, ನಮ್ಮ ನೆರೆಯಲ್ಲಿ ಧಾರಾಳವಾಗಿ ಸಿಗಬೇಕು. 1960ರ ದಶಕದ ಆರಂಭದಲ್ಲಿ ಸಿಡ್ನಿ ವ್ಯಾನ್‌ಡೆನ್‌ಬರ್ಗ್ ಮತ್ತು ಮಾರ್ಟಿನ್ ಸ್ಮಿಟ್ ಇದನ್ನು ಲೆಕ್ಕಹಾಕಿ ನೋಡಿದಾಗ, ಇರಬೇಕಾದ ಸಂಖ್ಯೆಗೂ ಕಾಣುವ ಸಂಖ್ಯೆಗೂ ತಾಳೆಯೇ ಆಗಲಿಲ್ಲ. ಅಂಥ ನಕ್ಷತ್ರಗಳು ತೀರ ಕಡಿಮೆ. ಗೆಲಾಕ್ಸಿ ಎಲ್ಲ ಅನಿಲವನ್ನೂ ಒಮ್ಮೆಗೇ ಪಡೆದುಕೊಂಡು ಹುಟ್ಟಲಿಲ್ಲ, ಕಂತುಕಂತಾಗಿ ಪಡೆಯುತ್ತ ಬೆಳೆಯಿತು ಎಂದು ಒಪ್ಪಿಕೊಂಡರೆ ಈ ತೊಡಕು ಬಿಡಿಸಿಕೊಳ್ಳುತ್ತದೆ. ಅಂಥ ಅನಿಲ ಈಗಲೂ ಬೀಳುತ್ತಿರುವುದನ್ನು ರೇಡಿಯೊ ದೂರದರ್ಶಕಗಳು ಕಾಣುತ್ತವೆ. ‘ಕಾಂಪ್ಲೆಕ್ಸ್ ಸಿ’ ಎಂದು ಕರೆಯುವ ಒಂದು ಮೋಡದಲ್ಲಿ ಭಾರ ಧಾತುಗಳು ಸೂರ್ಯನಲ್ಲಿರುವುದರ ಹತ್ತರಲ್ಲಿ ಒಂದೆರಡು ಪಾಲಿನಷ್ಟೇ ಇವೆ. ಇದರ ಜೊತೆಗೆ ಇನ್ನೊಂದು ಮಾತು: ಹುಟ್ಟುವ ನಕ್ಷತ್ರಗಳಲ್ಲಿ ಬಹುಪಾಲು ಸೂರ್ಯನಿಗಿಂತ ಸಣ್ಣವು. ಅವುಗಳ ಆಯುಸ್ಸು ವಿಶ್ವದ ಇಂದಿನ ವಯಸ್ಸಾದ 1,380 ಕೋಟಿ ವರ್ಷಗಳಿಗಿಂತಲೂ ಹೆಚ್ಚು. ಅವುಗಳೊಳಗೆ ಹೋದ ಅನಿಲ, ಅವಧಿ ಮುಗಿಯದ ಠೇವಣಿಯಂತೆ, ಇನ್ನೂ ಮರಳಿ ಬಂದಿಲ್ಲ. ಒಂದು ತಲೆಮಾರಿನ ನಕ್ಷತ್ರಗಳಿಗೆ ಹಾಕಿದ ದ್ರವ್ಯದಲ್ಲಿ ಹೊಸ ಭಾರ ಧಾತುವಾಗಿ ಹೊರಬರುವುದು ನೂರಕ್ಕೆ ಕೆಲವೇ ಪಾಲು. ಸೂರ್ಯನ ಶೇಕಡಾ ಒಂದೂವರೆಗಿಂತ ಕಡಿಮೆಯ ಲೆಕ್ಕವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದು ಅಲ್ಪವೆನಿಸುವುದಿಲ್ಲ.

ಎಲ್ಲ ಗೆಲಾಕ್ಸಿಗಳಲ್ಲಿಯೂ ಇದೇ ಪ್ರಮಾಣವೇ ಎಂದು ಕೇಳಿದ್ದೀರಿ. ಅಲ್ಲ, ಮತ್ತು ವ್ಯತ್ಯಾಸಕ್ಕೆ ಒಂದು ಕ್ರಮವಿದೆ. ದೊಡ್ಡ ಗೆಲಾಕ್ಸಿಗಳಲ್ಲಿ ಭಾರ ಧಾತುಗಳು ಹೆಚ್ಚು, ಸಣ್ಣವುಗಳಲ್ಲಿ ಕಡಿಮೆ. ಸ್ಲೋನ್ ಎಂಬ ಆಕಾಶ ಸಮೀಕ್ಷೆಯ ಸುಮಾರು 53,000 ಗೆಲಾಕ್ಸಿಗಳನ್ನು ಒಟ್ಟಿಗೆ ಅಳೆದು 2004ರಲ್ಲಿ ಪ್ರಕಟವಾದ ಕೆಲಸವು ಈ ಸಂಬಂಧ ಎಷ್ಟು ಬಿಗಿಯಾದದ್ದು ಎಂಬುದನ್ನು ತೋರಿಸಿತು. ಸಣ್ಣ ಗೆಲಾಕ್ಸಿಗಳ ಗುರುತ್ವ ದುರ್ಬಲ. ಸೂಪರ್‌ನೋವಾಗಳ ಬಿಸಿಗಾಳಿ ಹೊಸ ಧಾತುಗಳನ್ನು ಅಲ್ಲಿಂದ ಸುಲಭವಾಗಿ ಹೊರಗೆ ತಳ್ಳುತ್ತದೆ, ಜೊತೆಗೆ ಅವು ತಮ್ಮ ಅನಿಲವನ್ನು ನಕ್ಷತ್ರಗಳಾಗಿ ಮಾಡಿಕೊಳ್ಳುವುದೂ ನಿಧಾನ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎಂ82 ಗೆಲಾಕ್ಸಿಯ ಎರಡೂ ಬದಿಗಳಿಂದ ಇಂಥ ಗಾಳಿ ಹೊರಚಿಮ್ಮುವುದನ್ನು ಚಿತ್ರಗಳಲ್ಲಿ ನೋಡಬಹುದು. ಐ ಜ್ವಿಕಿ 18 ಎಂಬ ಸಣ್ಣ ಗೆಲಾಕ್ಸಿ ನಮ್ಮ ಹತ್ತಿರದ ಕಾಲದ್ದೇ ಆದರೂ ಅದರ ಆಮ್ಲಜನಕ ಸೂರ್ಯನಲ್ಲಿರುವುದರ ಮೂವತ್ತರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿದೆ. ಒಂದೇ ಗೆಲಾಕ್ಸಿಯೊಳಗೂ ನಡುವಿನಿಂದ ಅಂಚಿಗೆ ಹೋದಂತೆ ಪ್ರಮಾಣ ಇಳಿಯುತ್ತದೆ. ಹೊರಗೆ ತಳ್ಳಿಸಿಕೊಂಡ ಧಾತುಗಳು ಎಲ್ಲಿಗೆ ಹೋದವು ಎಂಬುದಕ್ಕೂ ಉತ್ತರವಿದೆ: ಗೆಲಾಕ್ಸಿಗಳ ಗುಚ್ಛಗಳಲ್ಲಿ ಗೆಲಾಕ್ಸಿಗಳ ನಡುವೆ ತುಂಬಿರುವ, ಕೋಟ್ಯಂತರ ಡಿಗ್ರಿ ಬಿಸಿಯಾದ ಅನಿಲದಲ್ಲಿ ಕಬ್ಬಿಣದ ಗೆರೆ 1976ರಲ್ಲಿಯೇ ಎಕ್ಸ್-ಕಿರಣಗಳಲ್ಲಿ ಕಂಡಿತು. ಅಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಮೂರರಲ್ಲಿ ಒಂದರಷ್ಟಿದೆ.

ಹಿಂದಿನದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಎರಡು ದಾರಿಗಳಿವೆ. ಮೊದಲನೆಯದು ನಮ್ಮದೇ ಗೆಲಾಕ್ಸಿಯ ಹಳೆಯ ನಕ್ಷತ್ರಗಳನ್ನು ಓದುವುದು. ಸಣ್ಣ ನಕ್ಷತ್ರದ ಒಡಲಿನಲ್ಲಿ ನಡೆಯುವ ಬದಲಾವಣೆ ಬಹುಕಾಲ ಮೇಲ್ಮೈಗೆ ಬರುವುದಿಲ್ಲ, ಆದ್ದರಿಂದ ಅದರ ಮೇಲ್ಮೈಯಲ್ಲಿ ತಾನು ಹುಟ್ಟಿದ ಮೋಡದ ಸಂಯೋಜನೆ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ರೋಹಿತದ ಗೆರೆಗಳಿಂದ ಧಾತುಗಳ ಪ್ರಮಾಣ ತೆಗೆಯಲು ಬುನಾದಿ ಹಾಕಿದ್ದು ಮೇಘನಾದ ಸಹಾ ಅವರ 1920ರ ಅಯಾನೀಕರಣ ಸಮೀಕರಣ. ಅದನ್ನು ಬಳಸಿಯೇ ಸೆಸಿಲಿಯಾ ಪೇನ್ 1925ರಲ್ಲಿ ನಕ್ಷತ್ರಗಳು ಬಹುಪಾಲು ಜಲಜನಕ ಎಂಬುದನ್ನು ಕಂಡರು. 2014ರಲ್ಲಿ ವರದಿಯಾದ ಒಂದು ನಕ್ಷತ್ರದಲ್ಲಿ ಕಬ್ಬಿಣದ ಗೆರೆಯೇ ಕಾಣಲಿಲ್ಲ. ಇದ್ದರೂ ಅದು ಸೂರ್ಯನ ಪ್ರಮಾಣದ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ಮೊಟ್ಟಮೊದಲ ತಲೆಮಾರಿನ, ಭಾರ ಧಾತುವೇ ಇಲ್ಲದ ನಕ್ಷತ್ರ ಮಾತ್ರ ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಅವು ಭಾರಿಯಾಗಿದ್ದು ಬೇಗ ಅಳಿದಿರಬೇಕು. ಅನುಪಾತಗಳನ್ನು ಹಿಡಿದು ಹೊರಗಿನಿಂದ ಬಂದವರನ್ನು ಗುರುತಿಸಲೂ ಸಾಧ್ಯ: ನಕ್ಷತ್ರಗಳ ಸ್ಥಾನ ಮತ್ತು ಚಲನೆಯನ್ನು ಅಳೆದ ಗಾಯಾ ನೌಕೆಯ ಮಾಹಿತಿಯ ಆಧಾರದಲ್ಲಿ 2018ರಲ್ಲಿ, ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ನುಂಗಿದ ಒಂದು ಗೆಲಾಕ್ಸಿಯ ನಕ್ಷತ್ರಗಳನ್ನು ಬೇರ್ಪಡಿಸಿದಾಗ, ಅವುಗಳ ಚಲನೆಯ ಜೊತೆಗೆ ಮೆಗ್ನೀಷಿಯಂ-ಕಬ್ಬಿಣದ ಅನುಪಾತವೂ ಅವು ಬೇರೆ ಮನೆಯವೆಂದು ಹೇಳಿತು.

ಎರಡನೆಯ ದಾರಿ, ದೂರದ ಗೆಲಾಕ್ಸಿಗಳನ್ನೇ ನೋಡುವುದು. ಅವುಗಳ ಬೆಳಕು ಹೊರಟದ್ದೇ ಹಿಂದಿನ ಕಾಲದಲ್ಲಿ. ಇಲ್ಲಿ ಒಂದು ಹಳೆಯ ಕಥೆ ನೆನಪಾಗುತ್ತದೆ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಅನಿಲದ ನೀಹಾರಿಕೆಯೊಂದರ ರೋಹಿತದಲ್ಲಿ ಹಸಿರು ಗೆರೆಗಳನ್ನು ಕಂಡರು. ಭೂಮಿಯ ಯಾವ ಧಾತುವಿಗೂ ಅವು ಹೊಂದದಿದ್ದುದರಿಂದ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಳ್ಳಲಾಯಿತು. 1927ರಲ್ಲಿ ಐರಾ ಬೋವೆನ್ ತೋರಿಸಿದ್ದೇನೆಂದರೆ, ಅದು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ನಮ್ಮ ಪರಿಚಿತ ಆಮ್ಲಜನಕವೇ. ಅನಿಲ ಅತಿ ವಿರಳವಾಗಿರುವುದರಿಂದ ಭೂಮಿಯಲ್ಲಿ ಕಾಣದ ಗೆರೆಗಳು ಅಲ್ಲಿ ಹೊಳೆಯುತ್ತವೆ. ಈ ಗೆರೆಗಳೇ ಇಂದು ದೂರದ ಗೆಲಾಕ್ಸಿಗಳ ಆಮ್ಲಜನಕವನ್ನು ಅಳೆಯುವ ಸಾಧನ. ಅವುಗಳಲ್ಲಿ ಒಂದು ಗೆರೆ ಅನಿಲ ಬಹಳ ಬಿಸಿಯಿದ್ದಾಗ ಮಾತ್ರ ಎದ್ದು ಕಾಣುತ್ತದೆ. ಭಾರ ಧಾತುಗಳು ಬೆಳಕಿನ ರೂಪದಲ್ಲಿ ಶಾಖವನ್ನು ಹೊರಹಾಕಿ ಅನಿಲವನ್ನು ತಣಿಸುತ್ತವೆ. ಆದ್ದರಿಂದ ಅನಿಲ ಬಿಸಿಯಾಗಿದ್ದಷ್ಟೂ ಭಾರ ಧಾತುಗಳು ಕಡಿಮೆ ಎಂದು ತಿಳಿಯಬಹುದು. ವಿಶ್ವ ಹಿಗ್ಗಿದಂತೆ ಈ ಹಸಿರು ಗೆರೆಗಳು ಅವಕೆಂಪಿನ ಕಡೆಗೆ ಸರಿದುಬಿಡುವುದರಿಂದ, 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕ ಬರುವ ತನಕ ಆದಿಕಾಲದ ಗೆಲಾಕ್ಸಿಗಳಲ್ಲಿ ಇವನ್ನು ಅಳೆಯಲು ಆಗುತ್ತಿರಲಿಲ್ಲ. 2022ರ ಜುಲೈಯಲ್ಲಿ ಬಂದ ಅದರ ಮೊದಲ ಮಾಹಿತಿಯಲ್ಲಿಯೇ, ಸುಮಾರು 1,300 ಕೋಟಿ ವರ್ಷ ಹಿಂದಿನ ಒಂದು ಗೆಲಾಕ್ಸಿಯಲ್ಲಿ ಆಮ್ಲಜನಕ ಸೂರ್ಯನ ಪ್ರಮಾಣದ ನೂರರಲ್ಲಿ ಕೆಲವೇ ಪಾಲು ಎಂದು ಲೆಕ್ಕ ಸಿಕ್ಕಿತು.

ಅದಕ್ಕೂ ಹಿಂದೆ ಹೋದಾಗ ಅಚ್ಚರಿ ಕಾದಿತ್ತು. ವಿಶ್ವಕ್ಕೆ ಮೂವತ್ತು ಕೋಟಿ ವರ್ಷವೂ ತುಂಬಿರದ ಕಾಲದ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿಯಲ್ಲಿ ಆಮ್ಲಜನಕ ಇರುವುದನ್ನು ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕದಿಂದ ಕಂಡುದಾಗಿ 2025ರಲ್ಲಿ ಎರಡು ತಂಡಗಳು ತಿಳಿಸಿದವು, ಅದೂ ನಿರೀಕ್ಷೆಯ ಸುಮಾರು ಹತ್ತು ಪಟ್ಟು ಹೆಚ್ಚಿನ ಭಾರ ಧಾತುಗಳೊಡನೆ. ಭಾರಿ ನಕ್ಷತ್ರಗಳು ಕೆಲವೇ ದಶಲಕ್ಷ ವರ್ಷಗಳಲ್ಲಿ ತಮ್ಮ ಕೆಲಸ ಮುಗಿಸುತ್ತವೆ ಎಂದು ಮೇಲೆ ಹೇಳಿದ್ದನ್ನು ನೆನೆದರೆ ಇದು ಅಸಾಧ್ಯವಲ್ಲ. ಆದರೆ ನಕ್ಷತ್ರಗಳ ಹುಟ್ಟು ನಾವೆಣಿಸಿದ್ದಕ್ಕಿಂತ ಬೇಗ, ನಾವೆಣಿಸಿದ್ದಕ್ಕಿಂತ ರಭಸದಿಂದ ಆರಂಭವಾಗಿರಬೇಕು. ನಡುವಿನ ಕಾಲದ ಗೆಲಾಕ್ಸಿಗಳಲ್ಲಿ ಚಿತ್ರ ಹೆಚ್ಚು ಕ್ರಮಬದ್ಧ: ಸಾವಿರ ಕೋಟಿ ವರ್ಷ ಹಿಂದಿನ ಗೆಲಾಕ್ಸಿಯನ್ನು ಅದೇ ದ್ರವ್ಯರಾಶಿಯ ಇಂದಿನ ಗೆಲಾಕ್ಸಿಯೊಡನೆ ಹೋಲಿಸಿದರೆ ಆಮ್ಲಜನಕ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ.

ಹಾಗಾದರೆ ಇದು ಏರುತ್ತಲೇ ಹೋಗುವುದೇ? ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವ ವೇಗ ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಅತಿ ಹೆಚ್ಚಾಗಿತ್ತು. ಇಂದು ಅದರ ಹತ್ತರಲ್ಲಿ ಒಂದರ ಆಸುಪಾಸಿಗೆ ಇಳಿದಿದೆ. ಪುಣೆಯ ಬಳಿ ನಾರಾಯಣಗಾಂವ್ ಸಮೀಪದ ಬೃಹತ್ ಮೀಟರ್ ಅಲೆ ರೇಡಿಯೊ ದೂರದರ್ಶಕದಿಂದ ಏಳು ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳ ಸಂಕೇತಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಕಾರಣವನ್ನು ತೋರಿಸುತ್ತದೆ: ಎಂಟುನೂರು ಕೋಟಿ ವರ್ಷ ಹಿಂದಿನ ಗೆಲಾಕ್ಸಿಗಳು ತಮ್ಮಲ್ಲಿದ್ದ ಜಲಜನಕವನ್ನು ನೂರಿನ್ನೂರು ಕೋಟಿ ವರ್ಷಗಳಲ್ಲೇ ಮುಗಿಸುವ ವೇಗದಲ್ಲಿ ಬಳಸುತ್ತಿದ್ದವು, ಹೊರಗಿನಿಂದ ಬರುವ ಅನಿಲ ಅದಕ್ಕೆ ಸರಿದೂಗಲಿಲ್ಲ. ನದಿ ಸೊರಗಿದ ಬೇಸಿಗೆಯ ಅಳಿವೆಯಂತೆ, ಅನಿಲ ಕಡಿಮೆಯಾದ ಗೆಲಾಕ್ಸಿಯಲ್ಲಿ ಪ್ರಮಾಣ ಇನ್ನಷ್ಟು ಏರಬಹುದು. ಆಕಾಶಗಂಗೆಯ ನಡುಭಾಗದಲ್ಲಿ ಸೂರ್ಯನ ಮೂರು ಪಟ್ಟು ಭಾರ ಧಾತುಗಳಿರುವ ನಕ್ಷತ್ರಗಳು ಈಗಾಗಲೇ ಇವೆ. ಆದರೆ ಅನಿಲವೇ ಮುಗಿದರೆ ಹೊಸ ನಕ್ಷತ್ರವಿಲ್ಲ, ಹೊಸ ಧಾತುವೂ ಇಲ್ಲ. ಗೆಲಾಕ್ಸಿಗಳು ಕಬ್ಬಿಣ, ಆಮ್ಲಜನಕಗಳಿಂದ ತುಂಬಿಹೋಗುವ ದಿನ ಬರಲಾರದು.

ನಿಮ್ಮೂರಿನಿಂದ ಕಾಣುವಂಥದ್ದು ಎರಡಿವೆ. ಡಿಸೆಂಬರಿನಿಂದ ಮಾರ್ಚಿಯವರೆಗಿನ ಸಂಜೆಗಳಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯ ನಡುವೆ ಬೈನಾಕ್ಯುಲರಿಗೆ ಮಸುಕು ಬೆಳಕಾಗಿ ಕಾಣುವ ನೀಹಾರಿಕೆ ಇದೆ; ಅದರ ಬೆಳಕಿನ ಒಂದು ಮುಖ್ಯ ಭಾಗ ಬೋವೆನ್ ಗುರುತಿಸಿದ ಆಮ್ಲಜನಕದ ಹಸಿರು ಗೆರೆಗಳದ್ದೇ. ಇನ್ನೊಂದು ಎಚ್‌ಡಿ 140283 ಎಂಬ ನಕ್ಷತ್ರ. ಸುಮಾರು 200 ಜ್ಯೋತಿರ್ವರ್ಷ ದೂರದಲ್ಲಿರುವ ಇದರ ಕಬ್ಬಿಣ ಸೂರ್ಯನಲ್ಲಿರುವುದರ ಸುಮಾರು 250ರಲ್ಲಿ ಒಂದು ಪಾಲು, ವಯಸ್ಸು 1,200 ಕೋಟಿ ವರ್ಷಗಳ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚು. 1951ರಲ್ಲಿ ಜೋಸೆಫ್ ಚೇಂಬರ್‌ಲೇನ್ ಮತ್ತು ಲಾರೆನ್ಸ್ ಆಲರ್ ಇದನ್ನೂ ಇನ್ನೊಂದನ್ನೂ ಅಳೆದಾಗಲೇ ಎಲ್ಲ ನಕ್ಷತ್ರಗಳ ಸಂಯೋಜನೆ ಒಂದೇ ಅಲ್ಲ ಎಂಬುದು ಮೊದಲ ಬಾರಿಗೆ ಸ್ಪಷ್ಟವಾಯಿತು. ಇದರ ಕಾಂತಿಮಾನ 7.2, ಅಂದರೆ ಬರಿಗಣ್ಣಿಗೆ ಕಾಣದು, ಸಾಧಾರಣ ಬೈನಾಕ್ಯುಲರಿಗೆ ಕಾಣುತ್ತದೆ. ಅನೂರಾಧಾ ನಕ್ಷತ್ರದಿಂದ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿದಂತೆ, ಚಾಚಿದ ಕೈಯ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ, ತುಲಾ ರಾಶಿಯೊಳಗೆ ಇದನ್ನು ಹುಡುಕಬೇಕು. ನಕ್ಷೆಯೊಂದು ಜೊತೆಗಿದ್ದರೆ ಒಳ್ಳೆಯದು. ಮೇ ತಿಂಗಳ ನಡುರಾತ್ರಿಯಲ್ಲಿ ಅದು ದಕ್ಷಿಣದಲ್ಲಿ ಸಾಕಷ್ಟು ಎತ್ತರಕ್ಕೆ ಬಂದಿರುತ್ತದೆ. ಜೂನಿನ ಮೋಡ ಕವಿಯುವ ಮೊದಲು, ಪೇಟೆಯ ದೀಪಗಳಿಂದ ದೂರವಿರುವ ಯಾವುದಾದರೂ ಬಯಲಿಗೆ ಹೋಗಿ ಪ್ರಯತ್ನಿಸಿ.